ಜೋಮು ಹಿಡಿದ ಪಾದ, ಶ್ರೀಶೈಲದ ದಾರಿ

ಪ್ರಶ್ನೆ: ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಗ್ಲಿಮೆಪಿರೈಡ್ ಗುಳಿಗೆ, ರಾತ್ರಿ ಇನ್ಸುಲಿನ್. ಪಾದಗಳಿಗೆ ಜೋಮು ಹಿಡಿದಿದೆ, ನೋವೇನೂ ಇಲ್ಲ. ಯುಗಾದಿಗೆ ಊರವರೊಡನೆ ಬರಿಗಾಲಲ್ಲಿ ಶ್ರೀಶೈಲಕ್ಕೆ ನಡೆಯುವ ಹರಕೆ ಇದೆ. ಹೋಗಬಹುದೇ?
– ಓದುಗರೊಬ್ಬರು, ರೋಣ ತಾಲ್ಲೂಕು

ಉತ್ತರ: ಬರಿಗಾಲಲ್ಲಿ ಬೇಡವೇ ಬೇಡ. ಯುಗಾದಿಗೆ ಮುಂಚೆ ಈ ಪ್ರಶ್ನೆ ಬರುತ್ತದೆ, ಯುಗಾದಿ ಕಳೆದ ಮೇಲೆ ಕೊಳೆತ ಬೆರಳು ಬರುತ್ತದೆ. ‘ನೋವೇನೂ ಇಲ್ಲ’ ಎಂದು ಸಮಾಧಾನದಿಂದ ಬರೆದಿದ್ದೀರಲ್ಲ, ನನ್ನನ್ನು ಹೆದರಿಸಿದ್ದು ಅದೇ ಮಾತು. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಕಾದ ಡಾಂಬರೂ ತಿಳಿಯದು, ಜಾಲಿಮುಳ್ಳೂ ತಿಳಿಯದು. ಬೊಬ್ಬೆ ಒಡೆದು ಕೀವಾದರೂ ಮರುದಿನ ಅದೇ ಕಾಲೂರಿ ನಡೆಯುತ್ತೀರಿ. ಮಲ್ಲಯ್ಯನ ಮೇಲೆ ನನಗೂ ಭಕ್ತಿಯಿದೆ; ಆದರೆ ಕಾಲು ತೆಗೆಯಲು ಒಪ್ಪಿಗೆ ಕೊಟ್ಟು ಸಹಿ ಹಾಕಬೇಕಾದವರು ನಿಮ್ಮ ಮಕ್ಕಳು.

ನನ್ನನ್ನು ಕೇಳಿದರೆ ಬಸ್ಸು ಹತ್ತಿ ಎನ್ನುತ್ತೇನೆ. ಕೇಳುವುದಿಲ್ಲವೆಂದಾದರೆ, ಮೊದಲು ಪಾದದ ಸ್ಪರ್ಶ ಮತ್ತು ರಕ್ತ ಸಂಚಾರ ಪರೀಕ್ಷೆ ಮಾಡಿಸಿ. ಗಾಯವಿದ್ದರೆ ಈ ವರ್ಷದ ಯಾತ್ರೆ ಇಲ್ಲ, ಚರ್ಚೆಯೂ ಇಲ್ಲ. ಹೊಸ ಬೂಟು ತೊಟ್ಟು ಹೊರಡಬೇಡಿ. ಕಾಲಿಗೆ ಹೊಂದಿಕೊಂಡ ಹಳೆಯದು ಇರಲಿ, ಒಳಗೆ ಹತ್ತಿಯ ಕಾಲುಚೀಲ. ಮಧ್ಯಾಹ್ನಕ್ಕೊಮ್ಮೆ, ರಾತ್ರಿಗೊಮ್ಮೆ ಅಂಗಾಲು, ಬೆರಳ ಸಂದುಗಳನ್ನು ಜೊತೆಗಾರರಿಂದ ನೋಡಿಸಿಕೊಳ್ಳಿ. ಬೊಬ್ಬೆ ಕಂಡಲ್ಲಿಗೆ ನಡಿಗೆ ಮುಗಿಯಿತು. ದಾರಿಯಲ್ಲಿ ಸೇವೆ ಮಾಡುವವರು ಪ್ರೀತಿಯಿಂದ ಬಿಸಿನೀರು ತಂದಿಟ್ಟರೆ ಕೈಮುಗಿದು ಬೇಡವೆನ್ನಿ. ಅದರ ಬಿಸಿ ನಿಮ್ಮ ಪಾದಕ್ಕೆ ಗೊತ್ತಾಗುವುದಿಲ್ಲ.

ಇನ್ನೊಂದು ಅಪಾಯವನ್ನು ಯಾರೂ ಕೇಳುವುದೇ ಇಲ್ಲ. ದಿನವಿಡೀ ನಡೆದರೆ ಸಕ್ಕರೆ ಇಳಿಯುತ್ತದೆ, ಕೆಲವೊಮ್ಮೆ ಮಲಗಿದ ಮೇಲೆ ಇಳಿಯುತ್ತದೆ. ಗ್ಲಿಮೆಪಿರೈಡ್ ನುಂಗಿ ಪ್ರಸಾದಕ್ಕೆ ಎರಡು ತಾಸು ಕಾದರೆ ದಾರಿಯಲ್ಲೇ ಕುಸಿಯುತ್ತೀರಿ. ಹೊರಡುವ ಮುನ್ನ ಗುಳಿಗೆ, ಇನ್ಸುಲಿನ್ ಎರಡರ ಪ್ರಮಾಣವನ್ನೂ ನಿಮ್ಮ ವೈದ್ಯರು ಬದಲಿಸಿಕೊಡಬೇಕು. ನೀವೇ ಇನ್ಸುಲಿನ್ ಬಿಟ್ಟು ಹೊರಡುವುದಲ್ಲ. ಬೆವರು, ನಡುಕ ಶುರುವಾದರೆ ಅಥವಾ ಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಶೇಂಗಾ ಉಂಡೆ ಆಮೇಲೆ. ಅದರ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಇನ್ಸುಲಿನ್ 30 ಡಿಗ್ರಿಗಿಂತ ಹೆಚ್ಚಿನ ಬಿಸಿಯನ್ನು ತಾಳುವುದಿಲ್ಲ. ಸಾಮಾನು ಹೊತ್ತ ಟ್ರ್ಯಾಕ್ಟರಿನಲ್ಲಿ ಬಿಸಿಲಿಗೆ ಬಿಡದೆ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆಯಲ್ಲಿ ನೆರಳಿಗಿಡಿ.

ಪ್ರಶ್ನೆ: ಚಹಾಕ್ಕೆ ಸಕ್ಕರೆ ಬದಲು ಬೆಲ್ಲ ಹಾಕಬಹುದೇ? – ಹಾವೇರಿ

ಉತ್ತರ: ಬೆಲ್ಲವೂ ಸಕ್ಕರೆಯೇ. ಜೇನುತುಪ್ಪವೂ.

ಪ್ರಶ್ನೆ: ಜೋಳದ ರೊಟ್ಟಿ ಎಷ್ಟು ತಿಂದರೂ ನಡೆಯುತ್ತದಂತೆ? – ಧಾರವಾಡ

ಉತ್ತರ: ಎರಡು ತಿನ್ನಿ, ಉಳಿದ ಹಸಿವೆಗೆ ಪಲ್ಯ, ಕಾಳು, ಹಸಿ ಸೌತೆಕಾಯಿ ಇವೆ.

ಪ್ರಶ್ನೆ: ಸಂತೆಯಲ್ಲಿ ಒಬ್ಬರು ಕೊಟ್ಟ ಪುಡಿಯಿಂದ ವಾರದಲ್ಲೇ ಸಕ್ಕರೆ ಇಳಿಯಿತು. ಗುಳಿಗೆ ಬಿಡಲೇ? – ಹುಬ್ಬಳ್ಳಿ

ಉತ್ತರ: ಬಿಡಬೇಕಾದದ್ದು ಪುಡಿಯನ್ನು. ಇಂಥ ಪುಡಿಗಳಲ್ಲಿ ಸಕ್ಕರೆ ಇಳಿಸುವ ಇಂಗ್ಲಿಷ್ ಗುಳಿಗೆಯನ್ನೇ ಅರೆದು ಬೆರೆಸಿದ್ದು ಪ್ರಯೋಗಾಲಯಗಳಲ್ಲಿ ಪತ್ತೆಯಾಗಿದೆ. ಹಾಗಿದ್ದರೆ ನೀವು ಒಂದೇ ಔಷಧವನ್ನು ಎರಡು ಪಟ್ಟು ನುಂಗುತ್ತಿದ್ದೀರಿ. ಡಬ್ಬಿ ಸಮೇತ ನಿಮ್ಮ ವೈದ್ಯರ ಬಳಿ ಹೋಗಿ, ಮೂತ್ರಪಿಂಡದ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಮಾಡಿಸಿ.