ಕೊಂಡದ್ದು ಹೇಳಿದಿರಿ, ಮಾರಿದ್ದು ಯಾಕೆ ಹೇಳಲಿಲ್ಲ?

ಪೆರ್ಲದ ಮಾಷ್ಟ್ರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ನಾಲ್ಕು ಪುಟದ ನಿಮ್ಮ ಕಾಗದವನ್ನು ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಓದುಗರಿಗೆ ವಿಷಯ ತಿಳಿಯಲಿ ಅಂತ ಚುಟುಕಾಗಿ ಹೇಳುತ್ತೇನೆ.

ನೀವು ಮೂರು ವರ್ಷದಿಂದ ಟೆಲಿಗ್ರಾಂನಲ್ಲಿ ಕನ್ನಡದ ಒಂದು ಷೇರು ಗ್ರೂಪ್ ನಡೆಸುತ್ತಿದ್ದೀರಿ. 340 ಮಂದಿ ಇದ್ದಾರೆ. ಜಾಸ್ತಿ ಜನ ನಮ್ಮ ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಕುಂಬಳೆ ಕಡೆಯವರು, ಅದರಲ್ಲೂ ಅರ್ಧದಷ್ಟು ನಿಮ್ಮ ಹಳೆ ವಿದ್ಯಾರ್ಥಿಗಳು. ಒಂದು ಸಣ್ಣ ಕಂಪೆನಿಯ ಷೇರನ್ನು ನೀವು 38 ರೂಪಾಯಿಗೆ ಕೊಂಡಿರಿ. ಎರಡು ವಾರ ಬಿಟ್ಟು, ಅದು 52 ಆದಾಗ, "ನನ್ನ ಹತ್ತಿರ ಇದೆ, ಕಂಪೆನಿ ಚೆನ್ನಾಗಿದೆ" ಎಂದು ಗ್ರೂಪಿನಲ್ಲಿ ಬರೆದಿರಿ. ನಾಲ್ಕನೇ ದಿನ 61ಕ್ಕೆ ಮಾರಿದಿರಿ. ಅದನ್ನು ಬರೆಯಲಿಲ್ಲ. ಆಮೇಲೆ ದಿನಾ ಲೋವರ್ ಸರ್ಕ್ಯೂಟ್, ಅಂದರೆ ಒಂದು ದಿನದಲ್ಲಿ ಇಳಿಯಬಹುದಾದ ಮಿತಿಯವರೆಗೂ ಬೆಲೆ ಇಳಿದು, ಮಾರಲು ಹೋದರೂ ಕೊಳ್ಳುವವರಿಲ್ಲ. ನಿಮ್ಮ ಹಳೆ ವಿದ್ಯಾರ್ಥಿಯೊಬ್ಬ ಅಮ್ಮನ ಬಳೆ ಅಡವಿಟ್ಟು 58ಕ್ಕೆ ಕೊಂಡಿದ್ದ. ಈಗ ದಾರಿಯಲ್ಲಿ ಸಿಕ್ಕಿದರೂ ಮಾತಾಡುವುದಿಲ್ಲ. "ನಾನು ಯಾರಿಗೂ ತೆಗೊಳ್ಳಿ ಅಂತ ಹೇಳಿಲ್ಲ, ಒಂದು ರೂಪಾಯಿ ಫೀಸೂ ತೆಗೊಂಡಿಲ್ಲ. ನನ್ನದು ತಪ್ಪಾ? ಗ್ರೂಪ್ ಮುಚ್ಚಿಬಿಡಲಾ?" ಎಂದು ಕೇಳಿದ್ದೀರಿ.

ತಪ್ಪು ಹೌದು ಮಾಷ್ಟ್ರೇ. ಕೊಂಡದ್ದರಲ್ಲಿ ತಪ್ಪಿಲ್ಲ, ಮಾರಿದ್ದರಲ್ಲೂ ಇಲ್ಲ. ಕೊಂಡದ್ದನ್ನು ಹೇಳಿ ಮಾರಿದ್ದನ್ನು ಹೇಳದೆ ಇದ್ದದ್ದು ತಪ್ಪು. ದಿನಕ್ಕೆ ಕೆಲವೇ ಸಾವಿರ ಷೇರು ಕೈ ಬದಲಾಗುವ ಕಂಪೆನಿ ಅದು. ನೀವು 61ಕ್ಕೆ ಮಾರಿದ ದಿನ ಕೊಂಡವರು ಯಾರು? ಮುಂಬೈಯ ಯಾರೋ ಇರಬಹುದು. ನಿಮ್ಮದೇ ಕ್ಲಾಸಿನಲ್ಲಿ ಕೂತಿದ್ದ ಹುಡುಗರೂ ಇರಬಹುದು. ಈ ಪ್ರಶ್ನೆ ನಿಮಗೂ ಬಂದಿದೆ, ಇಲ್ಲದಿದ್ದರೆ ಈ ಕಾಗದ ಬರುತ್ತಿರಲಿಲ್ಲ.

ಹಣ ಪಡೆದು ಷೇರಿನ ಸಲಹೆ ಕೊಡುವವರು ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯಲ್ಲಿ ನೋಂದಣಿ ಮಾಡಿಸಬೇಕು. ಅಂಥವರಿಗಾಗಿ 2014ರಲ್ಲಿ ಸೆಬಿ ತಂದ ನಿಯಮದಲ್ಲಿ ಒಂದು ಮಾತಿದೆ. ಒಂದು ಷೇರಿನ ಬಗ್ಗೆ ವರದಿ ಕೊಡುವ ಮೊದಲಿನ 30 ದಿನ ಮತ್ತು ಕೊಟ್ಟ ಮೇಲಿನ 5 ದಿನ ಆ ಷೇರನ್ನು ತಾವು ಕೊಳ್ಳಬಾರದು, ಮಾರಬಾರದು. ತಮ್ಮ ಹತ್ತಿರ ಅದು ಇದ್ದರೆ ಹೇಳಬೇಕು. ತಾವು ಹೇಳಿದ್ದಕ್ಕೆ ಉಲ್ಟಾ ವ್ಯವಹಾರ ಮಾಡಬಾರದು. ನೀವು ನೋಂದಣಿ ಆದವರಲ್ಲ, ಫೀಸೂ ಇಲ್ಲ. ಆದರೂ ನಿಮ್ಮ ಎರಡು ವಾರ, ನಾಲ್ಕು ದಿನಗಳನ್ನು ಈ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಿ. ಹಣ ಕೊಟ್ಟು ಸಲಹೆ ಪಡೆಯುವ ಅಪರಿಚಿತನಿಗೆ ಇಷ್ಟು ರಕ್ಷಣೆ ಇದೆ. ನಿಮ್ಮ ಹುಡುಗನಿಗೆ ಇದ್ದದ್ದು "ಮಾಷ್ಟ್ರು ಹೇಳಿದ್ದಾರೆ" ಎಂಬ ಧೈರ್ಯ ಮಾತ್ರ.

ಫೀಸಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಷೇರು ಇಡುವ ಡಿಮ್ಯಾಟ್ ಖಾತೆ ತೆರೆಯುವ ನಿಮ್ಮ ಲಿಂಕ್ ಗ್ರೂಪಿನ ಮೇಲೆಯೇ ಇದೆ ಎಂದು ಮೂರನೇ ಪುಟದಲ್ಲಿ ಬರೆದಿದ್ದೀರಿ. ಅದರಿಂದ ಸೇರಿದವರು ಕೊಂಡರೂ ಮಾರಿದರೂ, ಗೆದ್ದರೂ ಸೋತರೂ ಬ್ರೋಕರೇಜಿನ ಒಂದು ಪಾಲು ನಿಮಗೆ ಬರುತ್ತದೆ. ಇದು ಆ 340 ಮಂದಿಗೆ ಗೊತ್ತಿರಬೇಕು ಅಲ್ವಾ?

ನಾನು ಹುಡುಗನಾಗಿದ್ದಾಗ ಅಪ್ಪನ ಜೊತೆ ಬದಿಯಡ್ಕಕ್ಕೆ ಅಡಿಕೆ ಮಾರಲು ಹೋಗುತ್ತಿದ್ದೆ. ಅಂಗಡಿಯವರು ಗೋಣಿಯ ಬಾಯಿಯಲ್ಲಿ ಕಾಣುವ ಅಡಿಕೆ ನೋಡಿ ರೇಟು ಹೇಳುತ್ತಿರಲಿಲ್ಲ. ಮೊಣಕೈವರೆಗೆ ಕೈ ಇಳಿಸಿ ಅಡಿಯಿಂದ ಒಂದು ಹಿಡಿ ತೆಗೆಯುತ್ತಿದ್ದರು. ನಾಲ್ಕು ಅಡಿಕೆ ಕತ್ತರಿಸಿ ಒಳಗಿನ ಬಣ್ಣ ನೋಡುತ್ತಿದ್ದರು. ಪಟೋರ, ಕರಿಗೋಟು ಎಂಬ ಕೀಳು ದರ್ಜೆಯ ಅಡಿಕೆ ಎಷ್ಟು ಎಂದು ಅಂಗೈಯಲ್ಲೇ ಲೆಕ್ಕ. ಅಪ್ಪನಿಗೆ ಬೇಸರವಾಗುತ್ತಿರಲಿಲ್ಲ. ಹಾಗೆ ನೋಡುವುದೇ ಕ್ರಮ.

ಷೇರು ಗ್ರೂಪಿನಲ್ಲಿ ಗೋಣಿಯ ಬಾಯಿ ಮಾತ್ರ ಕಾಣುತ್ತದೆ. ಹಸಿರು ಬಣ್ಣದ ಲಾಭದ ಸ್ಕ್ರೀನ್‌ಶಾಟ್, ಕೆಳಗೆ ನಲವತ್ತು ಹೆಬ್ಬೆರಳು. ಎರಡು ಖಾತೆ ಇಟ್ಟು ಒಂದರಲ್ಲಿ ಕಾಲ್ (ಬೆಲೆ ಏರಿದರೆ ಲಾಭ), ಇನ್ನೊಂದರಲ್ಲಿ ಪುಟ್ (ಇಳಿದರೆ ಲಾಭ) ಕೊಂಡು, ಗೆದ್ದದ್ದನ್ನಷ್ಟೇ ತೋರಿಸುವವರೂ ಇದ್ದಾರೆ. ನಿಮ್ಮ ಗ್ರೂಪಿನ ಹುಡುಗರು ಈಗ ಈ ಕಾಲ್, ಪುಟ್‌ಗಳ ಆಪ್ಶನ್ ಕಡೆ ತಿರುಗಿದ್ದಾರೆ ಅಂದಿರಿ, ನನಗೆ ಅದೇ ಜಾಸ್ತಿ ಚಿಂತೆ. 2024ರ ಸೆಪ್ಟೆಂಬರಿನಲ್ಲಿ ಸೆಬಿ ಒಂದು ಲೆಕ್ಕ ಕೊಟ್ಟಿತು. ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಮುಂದಿನ ಬೆಲೆಯ ಮೇಲೆ ಒಪ್ಪಂದ ಮಾಡುವ ಫ್ಯೂಚರ್ಸ್, ಆಪ್ಶನ್ಸ್ ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತ್ತು. ಗ್ರೂಪಿನಲ್ಲಿ ಮಾತಾಡುವುದು ಉಳಿದ ಏಳು ಮಂದಿ. 93 ಮಂದಿ ಸುಮ್ನೆ ಕೂತಿರುತ್ತಾರೆ.

ಆ ಸುಮ್ಮನಿರುವುದು ಹೇಗಿರುತ್ತದೆ ಎಂದು ನನಗೆ ಗೊತ್ತು. 2021ರಲ್ಲಿ ಅಂಥದ್ದೇ ಒಂದು ಗ್ರೂಪಿನಲ್ಲಿದ್ದೆ. ಎರಡು ತಿಂಗಳಲ್ಲಿ ಎಪ್ಪತ್ತು ಸಾವಿರ ಹೋಯಿತು. ಮನೆಯಲ್ಲಿ ಹೇಳಲಿಲ್ಲ, ಗ್ರೂಪಿನಲ್ಲಂತೂ ಹೇಳಲೇ ಇಲ್ಲ. ರಾತ್ರಿ ಬೇರೆಯವರ ಸ್ಕ್ರೀನ್‌ಶಾಟ್ ನೋಡುತ್ತಾ, ಎಲ್ಲರೂ ಗೆಲ್ಲುತ್ತಿದ್ದಾರೆ, ನನಗೊಬ್ಬನಿಗೇ ಆಗುತ್ತಿಲ್ಲ ಅಂದುಕೊಳ್ಳುತ್ತಿದ್ದೆ. ಒಂದು ವರ್ಷ ಕಳೆದು, ಕುಂಬಳೆಯಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಗೆಳೆಯ ತಾನಾಗಿ ಬಾಯಿ ಬಿಟ್ಟ. ಅದೇ ಗ್ರೂಪ್, ಅವನಿಗೆ ಹೋದದ್ದು ನನ್ನದಕ್ಕಿಂತ ಜಾಸ್ತಿ. ಇಬ್ಬರಲ್ಲಿ ಒಬ್ಬ ಮೊದಲೇ ಬರೆದಿದ್ದರೆ ಇನ್ನೊಬ್ಬನ ಹಣ ಸ್ವಲ್ಪವಾದರೂ ಉಳಿಯುತ್ತಿತ್ತು.

ಗ್ರೂಪ್ ಮುಚ್ಚಬೇಡಿ. ಈ ವಿಷಯವನ್ನು ಕನ್ನಡದಲ್ಲಿ, ಅದೂ ನಮ್ಮ ಗಡಿಯ ಊರಿನ ಕನ್ನಡದಲ್ಲಿ ತಿಳಿಸಿ ಹೇಳುವವರು ಎಷ್ಟು ಜನ ಇದ್ದಾರೆ? ಬ್ಯಾಲೆನ್ಸ್ ಶೀಟ್ ಓದುವುದನ್ನು ನೀವು ಪಾಠ ಮಾಡಿದ್ದು ಓದಿದ್ದೇನೆ. ಬಹಳ ಒಳ್ಳೆಯ ಕೆಲಸ. ನಮ್ಮ ಭಾಷೆಯವರು ಅನ್ನುವ ನಂಬಿಕೆಯ ಮೇಲೆ ಜನ ಸೇರಿದ್ದಾರೆ. ಈಗ ಮುಚ್ಚಿದರೆ ಅವರು ಗ್ಯಾರಂಟಿ ಲಾಭ ಅನ್ನುವ ಯಾರದೋ ಗ್ರೂಪಿಗೆ ಹೋಗುತ್ತಾರೆ.

ಇವತ್ತೇ ಗ್ರೂಪಿನಲ್ಲಿ ಬರೆಯಿರಿ: ಯಾವ ತಾರೀಕು ಕೊಂಡಿರಿ, ಯಾವ ತಾರೀಕು ಎಷ್ಟಕ್ಕೆ ಮಾರಿದಿರಿ. ಆ ಲಿಂಕ್ ತೆಗೆದು ಇದನ್ನು ಅಲ್ಲಿ ಪಿನ್ ಮಾಡಿ. ಕೆಲವರು ಬೈಯಬಹುದು, ಬೈಯಲಿ. ಇನ್ನು ಮುಂದೆ ಯಾರು ಲಾಭ ಹಾಕಿದರೂ ಆ ತಿಂಗಳ ಪೂರ್ತಿ ಲೆಕ್ಕ ಹಾಕಲಿ.

ಆ ಹುಡುಗನಿಗೆ ಮಾತ್ರ ಮೆಸೇಜ್ ಮಾಡಬೇಡಿ. ಮನೆಗೆ ಹೋಗಿ. ಲಾಭದಲ್ಲಿ ಬಳೆ ಬಿಡಿಸಿ ಕೊಡಬೇಕಾ ಎಂದು ಕೊನೆಗೆ ಒಂದು ಸಾಲು ಬರೆದು ಹೊಡೆದುಹಾಕಿದ್ದೀರಿ, ಆದರೂ ಓದಲು ಬಂತು. ಕೊಡಿ ಅಂತಲೇ ನನ್ನ ಅಭಿಪ್ರಾಯ. ಅವನು ಬೇಡ ಅನ್ನಬಹುದು. ಅಮ್ಮನ ಎದುರಿಗೆ ವಿಷಯ ಹೇಳಿ ಕೇಳಿ. ಅಡವಿನ ಗಡುವು ಮಾರ್ಚಿಗೆ ಅಂತ ನೀವೇ ಬರೆದಿದ್ದೀರಿ.

— ಸಂ.