ಹನ್ನೊಂದು ವರ್ಷದ ಪಿಚರ್‌ಗೆ ಕೈ ಬಲ ಬರಬೇಕೆಂದರೆ

ನಮಸ್ಕಾರ ಮೇಡಂ,

ಎರಡು ಸಾಲಿನಲ್ಲಿ ಉತ್ತರ ಬರೆಯೋಣ ಅಂತ ಕೂತೆ, ಆಗಲಿಲ್ಲ. ಉದ್ದವಾಗಿದೆ, ಸಮಾಧಾನವಾಗಿ ಓದಿ.

ನೀವು ಬರೆದದ್ದು ಇಷ್ಟು. ಮಗನಿಗೆ ಹನ್ನೊಂದು ವರ್ಷ, ಬೇಸ್‌ಬಾಲ್‌ನಲ್ಲಿ ಪಿಚರ್, ಅಂದರೆ ಬ್ಯಾಟ್ ಬೀಸುವವನಿಗೆ ಬಾಲ್ ಎಸೆಯುವವನು (ಆ ಒಂದೊಂದು ಎಸೆತವೇ 'ಪಿಚ್'). ಗುರಿ ಚೆನ್ನಾಗಿದೆ, ವೇಗ ಸಾಲದು. ದಿನಾ ನೂರು ಬಾಲ್ ಎಸೆದರೆ ಕೈ ತಾನಾಗಿ ಗಟ್ಟಿಯಾಗುತ್ತದೆ ಅಂತ ಕೋಚ್ ಹೇಳಿದ್ದಾರೆ. ನಿಮ್ಮ ಯಜಮಾನರು ತೂಕದ ಬಾಲ್‌ಗಳ (ಮಾಮೂಲಿಗಿಂತ ಭಾರದ ಬಾಲ್‌ಗಳ) ಸೆಟ್ ತರಿಸಿಟ್ಟಿದ್ದಾರೆ. ವಾರದ ನಡುವೆ ಒಂದು ತಂಡ, ವಾರದ ಕೊನೆಗೆ ಇನ್ನೊಂದು. ಕೊನೆಯಲ್ಲಿ, ಬ್ರಾಕೆಟ್ಟಿನೊಳಗೆ: "ಹತ್ತು ದಿನದಿಂದ ಮೊಣಕೈ ಒಳಬದಿ ಸ್ವಲ್ಪ ನೋವು ಅಂತಾನೆ, ಎಸೆಯುವಾಗ ಮಾತ್ರ."

ಬ್ರಾಕೆಟ್ಟಿನೊಳಗಿನ ಆ ಸಾಲನ್ನೇ ಮೊದಲು ನೋಡೋಣ. ನಾನು ಡಾಕ್ಟರ್ ಅಲ್ಲ. ಎಂಟು ವರ್ಷದಿಂದ ಚಿಕ್ಕ ಮಕ್ಕಳ ತಂಡಕ್ಕೆ ಕೈಲಾದ ಸಹಾಯ ಮಾಡುತ್ತಿರುವ ಒಬ್ಬ ಅಪ್ಪ, ಅಷ್ಟೇ. ಆದರೂ ಇದೊಂದನ್ನು ಖಡಾಖಂಡಿತವಾಗಿ ಹೇಳುತ್ತೇನೆ: ಡಾಕ್ಟರ್ ನೋಡುವವರೆಗೆ ಅವನು ಒಂದು ಬಾಲ್ ಕೂಡ ಎಸೆಯಬಾರದು. ಎಸೆದ ಮರುದಿನ ರಟ್ಟೆಯ ಮಾಂಸಖಂಡ ಬಿಗಿ ಹಿಡಿಯುವುದು ಬೇರೆ, ಅದು ಒಂದೆರಡು ದಿನದಲ್ಲಿ ಹೋಗುತ್ತದೆ. ಮೊಣಕೈ ಕೀಲಿನ ಒಳಬದಿಯಲ್ಲಿ, ಬೆರಳಿಟ್ಟು "ಇಲ್ಲೇ" ಅಂತ ತೋರಿಸುವ ನೋವು ಬೇರೆ. ಭುಜದ ಮೇಲ್ಭಾಗದಲ್ಲಿ ಹಾಗೆ ನೋವಿದ್ದರೂ ಇದೇ ಮಾತು.

ಕಾರಣ ಹೇಳುತ್ತೇನೆ. ಮಕ್ಕಳ ಎಲುಬಿನ ತುದಿಯ ಹತ್ತಿರ ಇನ್ನೂ ಪೂರ್ತಿ ಎಲುಬಾಗದ ಒಂದು ಮೆತ್ತನೆಯ ಪದರ ಇರುತ್ತದೆ. ಗ್ರೋತ್ ಪ್ಲೇಟ್ ಅಂತಾರೆ. ಮೊಣಕೈ ಒಳಬದಿಯದು ಹುಡುಗರಲ್ಲಿ ಹದಿನೈದು, ಹದಿನಾರರ ಸುಮಾರಿಗೆ ಕೂಡಿಕೊಳ್ಳುತ್ತದೆ. ಭುಜದ್ದು ಇನ್ನೂ ತಡ. ಎಸೆಯುವಾಗ ಕೈ ಹಿಂದಕ್ಕೆ ಬಾಗಿ ಚಾಟಿಯ ಹಾಗೆ ಮುಂದೆ ಬರುತ್ತದಲ್ವಾ, ಆ ಗಳಿಗೆಯಲ್ಲಿ ಮೊಣಕೈಯ ಒಳಬದಿ ಜಗ್ಗುತ್ತದೆ, ಹೊರಬದಿ ಒತ್ತಿಕೊಳ್ಳುತ್ತದೆ. ದೊಡ್ಡವರಲ್ಲಿ ಆ ಜಗ್ಗಾಟಕ್ಕೆ ಹರಿಯುವುದು ಲಿಗಮೆಂಟ್, ಅಂದರೆ ಎಲುಬುಗಳನ್ನು ಕಟ್ಟಿಹಿಡಿಯುವ ನಾರು. ಮಕ್ಕಳಲ್ಲಿ ಲಿಗಮೆಂಟ್‌ಗಿಂತ ಗ್ರೋತ್ ಪ್ಲೇಟೇ ಸೋಲುವುದು ಮೊದಲು. ಇದು ಎಷ್ಟು ಸಾಮಾನ್ಯ ಅಂದರೆ ಅಮೆರಿಕದ ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟಲ್ ಲೀಗ್‌ನ ಹೆಸರಿನಲ್ಲಿ ಇದಕ್ಕೆ 'ಲಿಟಲ್ ಲೀಗರ್ಸ್ ಎಲ್ಬೋ' ಅಂತಲೇ ಹೆಸರಿದೆ. ಬೇಗ ಗೊತ್ತಾದರೆ ವಿಶ್ರಾಂತಿಯಲ್ಲೇ ವಾಸಿಯಾಗುತ್ತದೆ. ಹಾಗೇ ಎಸೆಯುತ್ತಾ ಹೋದರೆ ಒಳಗಿನ ಎಲುಬಿನ ತುಣುಕು ಕಿತ್ತು ಬರಬಹುದು.

ನನ್ನ ದೊಡ್ಡ ಮಗ ಹನ್ನೆರಡರಲ್ಲಿದ್ದಾಗ ನಮ್ಮ ಮನೆಯಲ್ಲೂ ಇದೇ ಕತೆ. ಶನಿವಾರ ಒಂದು ತಂಡಕ್ಕೆ ಪಿಚ್ ಮಾಡಿದ. ಭಾನುವಾರ ಇನ್ನೊಂದು ತಂಡಕ್ಕೆ ಕ್ಯಾಚರ್ (ಪಿಚರ್ ಎಸೆದ ಬಾಲ್ ಹಿಡಿಯುವವನು) ಆಗಿ ಕೂತ, ಕೊನೆಗೆ ಮತ್ತೆ ಎರಡು ಇನಿಂಗ್ಸ್ ಪಿಚ್ ಮಾಡಿದ. ಎರಡೂ ಕಡೆಯ ಕೋಚ್‌ಗಳು ಲೆಕ್ಕ ಇಟ್ಟಿದ್ದರು, ಅವರವರ ಲೆಕ್ಕ. ಕೂಡಿಸಬೇಕಿದ್ದವನು ನಾನು, ಕೂಡಿಸಲಿಲ್ಲ. ನಡುವೆ ಕೇಳಿದಾಗೆಲ್ಲ "ಚೆನ್ನಾಗಿದೆ ಅಪ್ಪಾ" ಅಂದ. ಸೋಮವಾರ ಬೆಳಿಗ್ಗೆ ಎಡಗೈಯಲ್ಲಿ ಹಲ್ಲುಜ್ಜುತ್ತಿದ್ದದ್ದು ಕಣ್ಣಿಗೆ ಬಿತ್ತು. ಡಾಕ್ಟರ್ ಎರಡೂ ಮೊಣಕೈಗಳ ಎಕ್ಸ್-ರೇ ತೆಗೆಸಿ ಅಕ್ಕಪಕ್ಕ ಇಟ್ಟು ತೋರಿಸಿದರು. ಬಲಗೈಯ ಆ ಪದರದ ಸಂದು ಅಗಲವಾಗಿತ್ತು. ಆರು ವಾರ ಬಾಲ್ ಮುಟ್ಟುವ ಹಾಗಿಲ್ಲ ಅಂದರು. ನಿಮ್ಮವನನ್ನು ಕರೆದುಕೊಂಡು ಹೋದಾಗಲೂ ಎರಡೂ ಕೈ ಹೋಲಿಸಿ ನೋಡ್ತೀರಾ ಅಂತ ಕೇಳಿ. ಮಕ್ಕಳ ಎಲುಬಿನಲ್ಲಿ ಯಾವುದು ಸಹಜ, ಯಾವುದು ಅಲ್ಲ ಅಂತ ಒಂದೇ ಚಿತ್ರದಲ್ಲಿ ಗೊತ್ತಾಗುವುದು ಕಷ್ಟವಂತೆ.

ಈಗ ದಿನಾ ನೂರು ಬಾಲ್ ವಿಷಯ. ಇದು ಹಳೆಯ ಕಾಲದ ನಂಬಿಕೆ. ಜಪಾನಿನಲ್ಲಂತೂ ಇದನ್ನೇ ಶೌರ್ಯ ಅಂತ ನೋಡುತ್ತಿದ್ದರು. 1998ರ ಕೋಶಿಯನ್ ಹೈಸ್ಕೂಲ್ ಟೂರ್ನಿಯಲ್ಲಿ ದೈಸುಕೆ ಮತ್ಸುಜಾಕ ಒಂದೇ ಪಂದ್ಯದಲ್ಲಿ 17 ಇನಿಂಗ್ಸ್, 250 ಪಿಚ್ ಎಸೆದ. ಇಡೀ ದೇಶ ಕೊಂಡಾಡಿತು. ಅದೇ ಜಪಾನಿನ ಹೈಸ್ಕೂಲ್ ಬೇಸ್‌ಬಾಲ್‌ನಲ್ಲಿ 2020ರಿಂದ ಒಬ್ಬ ಪಿಚರ್‌ಗೆ ವಾರಕ್ಕೆ 500 ಪಿಚ್ ಮಿತಿ ಬಂದಿದೆ. ನನ್ನ ಪ್ರಕಾರ ಅದೂ ಜಾಸ್ತಿಯೇ, ಇರಲಿ.

ಅಮೆರಿಕದಲ್ಲಿ 9ರಿಂದ 14 ವರ್ಷದ 481 ಪಿಚರ್‌ಗಳನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದ್ದಾರೆ. ವರ್ಷಕ್ಕೆ 100 ಇನಿಂಗ್ಸ್‌ಗಿಂತ ಹೆಚ್ಚು ಪಿಚ್ ಮಾಡಿದವರಿಗೆ ದೊಡ್ಡ ಗಾಯ ಆಗುವ ಸಾಧ್ಯತೆ ಮೂರೂವರೆ ಪಟ್ಟು. ಇನ್ನೊಂದು ಅಧ್ಯಯನದಲ್ಲಿ ಆಪರೇಷನ್ ಆದ ಹದಿಹರೆಯದ ಪಿಚರ್‌ಗಳನ್ನು ಗಾಯವಾಗದವರ ಜೊತೆ ಹೋಲಿಸಿದರು. ವರ್ಷಕ್ಕೆ ಎಂಟು ತಿಂಗಳಿಗಿಂತ ಜಾಸ್ತಿ ಪಿಚ್ ಮಾಡಿದವರಿಗೆ ಅಪಾಯ ಐದು ಪಟ್ಟು. ಕೈ ಸೋತಿದ್ದರೂ ಮೇಲಿಂದ ಮೇಲೆ ಎಸೆದವರಿಗೆ 36 ಪಟ್ಟು! ಈ ಒಂದು ಅಂಕಿ ನೋಡಿದ ಮೇಲೆ ನಾನು ಮಕ್ಕಳನ್ನು ನೋಡುವ ರೀತಿಯೇ ಬದಲಾಯಿತು. ಸುಸ್ತಾದ ಕೈ ಬಾಯಿಬಿಟ್ಟು ಹೇಳುವುದಿಲ್ಲ, ಲಕ್ಷಣ ತೋರಿಸುತ್ತದೆ. ಬಾಲ್‌ಗಳು ಮೇಲೆ ಮೇಲೆ ಹೋಗತೊಡಗುತ್ತವೆ. ಮೊಣಕೈ ಭುಜಕ್ಕಿಂತ ಕೆಳಗೆ ಇಳಿಯುತ್ತದೆ. ಎಸೆದ ಮೇಲೆ ಮುಂದೆ ಬಾಗುತ್ತಿದ್ದ ಹುಡುಗ ನೆಟ್ಟಗೆ ನಿಲ್ಲುತ್ತಾನೆ. ಎರಡು ಪಿಚ್ ನಡುವೆ ಟೋಪಿ ಸರಿಮಾಡಿಕೊಳ್ಳುತ್ತಾ, ಕೈ ಕೊಡವುತ್ತಾ ಹೊತ್ತು ಕಳೆಯುತ್ತಾನೆ. ಇದು ಕಂಡರೆ ಲೆಕ್ಕದಲ್ಲಿ ಇನ್ನೂ ಇಪ್ಪತ್ತು ಪಿಚ್ ಬಾಕಿ ಇದ್ದರೂ ಅವತ್ತಿಗೆ ಮುಗಿಯಿತು.

ಲೆಕ್ಕ ಅಂದೆನಲ್ಲ. ಅಮೆರಿಕದ ವೃತ್ತಿಪರ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್ಎ ಬೇಸ್‌ಬಾಲ್ ಸಂಸ್ಥೆ ಸೇರಿ 2014ರಲ್ಲಿ 'ಪಿಚ್ ಸ್ಮಾರ್ಟ್' ಅಂತ ಸಲಹೆಗಳನ್ನು ಹೊರತಂದವು. 11-12 ವರ್ಷದವರಿಗೆ ಪಂದ್ಯದ ದಿನ ಹೆಚ್ಚೆಂದರೆ 85 ಪಿಚ್. ಅದು ಗುರಿಯಲ್ಲ, ಗೋಡೆ. 20ರವರೆಗೆ ಎಸೆದರೆ ಮರುದಿನವೂ ಪಿಚ್ ಮಾಡಬಹುದು. 21ರಿಂದ 35 ಆದರೆ ಒಂದು ದಿನ ಬಿಡುವು, 50ರವರೆಗೆ ಎರಡು, 65ರವರೆಗೆ ಮೂರು, 66 ದಾಟಿದರೆ ನಾಲ್ಕು. ಹನ್ನೆರಡು ತಿಂಗಳಲ್ಲಿ ಒಟ್ಟು 80 ಇನಿಂಗ್ಸ್ ಮೀರಬಾರದು. ವರ್ಷಕ್ಕೆ ನಾಲ್ಕು ತಿಂಗಳು ಎಸೆತವೇ ಇಲ್ಲ, ಅದರಲ್ಲಿ ಎರಡು ಮೂರು ತಿಂಗಳಾದರೂ ಒಟ್ಟಿಗೆ ಬರಬೇಕು. ಪಿಚರ್ ಆಗಿ ಆಡಿದ ಪಂದ್ಯದಲ್ಲಿ ಕ್ಯಾಚರ್ ಆಗಬಾರದು. ಕ್ಯಾಚರ್ ಕೂತಿರುತ್ತಾನೆ ಅಂತ ನಾವು ಅಂದುಕೊಳ್ಳುತ್ತೇವೆ, ಅವನು ಪ್ರತಿ ಬಾಲನ್ನೂ ವಾಪಸ್ ಎಸೆಯುತ್ತಿರುತ್ತಾನೆ. ನೀವು ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಎರಡೂ ತಂಡದ ಪಿಚ್‌ಗಳು ಅದೇ ಪುಸ್ತಕಕ್ಕೆ ಬರಲಿ. ಕೋಚ್‌ಗೆ ತೋರಿಸಲು ಮುಜುಗರ ಪಡಬೇಡಿ. ಲಿಟಲ್ ಲೀಗ್‌ನಲ್ಲೇ 2007ರಿಂದ ಪಿಚ್ ಎಣಿಕೆ ನಿಯಮವಾಗಿದೆ, ನೀವು ಹೊಸದೇನೂ ಕೇಳುತ್ತಿಲ್ಲ.

ಹಾಗಾದರೆ ಬಲ ಎಲ್ಲಿಂದ ಬರುತ್ತದೆ? ಕೆಳಗಿನಿಂದ. ಎಸೆತ ಶುರುವಾಗುವುದು ಹಿಂದಿನ ಕಾಲಿನಲ್ಲಿ. ಅಲ್ಲಿಂದ ಸೊಂಟ, ಸೊಂಟದಿಂದ ಎದೆ, ಎದೆಯಿಂದ ಭುಜ, ಕೊನೆಗೆ ಕೈ. ಕಾಲು, ಸೊಂಟ ತಮ್ಮ ಪಾಲಿನ ಕೆಲಸ ಮಾಡದಿದ್ದರೆ ಆ ಸಾಲವನ್ನೆಲ್ಲ ಮೊಣಕೈ ತೀರಿಸಬೇಕಾಗುತ್ತದೆ. ಮಗನಿಗೆ ಒಂಟಿ ಕಾಲಲ್ಲಿ ಮೂವತ್ತು ಸೆಕೆಂಡ್ ಅಲುಗಾಡದೆ ನಿಲ್ಲಲು ಹೇಳಿ ನೋಡಿ. ನಮ್ಮ ತಂಡದ ಹುಡುಗರಲ್ಲಿ ಮುಕ್ಕಾಲು ಪಾಲು ಮೊದಲ ದಿನ ತೂರಾಡಿದರು. ಸ್ಕ್ವಾಟ್ (ಕೂತು ಏಳುವುದು), ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸುವುದು), ಪ್ಲ್ಯಾಂಕ್ (ಮುಂಗೈ ಊರಿ ಮೈ ನೆಟ್ಟಗೆ ಹಿಡಿಯುವುದು), ಪಕ್ಕಕ್ಕೆ ಮಲಗಿ ಮಾಡುವ ಪ್ಲ್ಯಾಂಕ್, ಬೆನ್ನ ಮೇಲೆ ಮಲಗಿ ಸೊಂಟ ಎತ್ತುವುದು: ಇಷ್ಟು ಸಾಕು, ಮೈಭಾರವೇ ತೂಕ. ವಾರಕ್ಕೆ ಮೂರು ದಿನ.

ಎರಡನೆಯದು ಭುಜದ ಹಿಂಭಾಗ. ಇದನ್ನು ಯಾರೂ ಗಮನಿಸುವುದೇ ಇಲ್ಲ. ದೊಡ್ಡ ಆಟಗಾರರಲ್ಲಿ ಎಸೆಯುವಾಗ ಭುಜ ತಿರುಗುವ ವೇಗ ಸೆಕೆಂಡಿಗೆ 7000 ಡಿಗ್ರಿ. ಅದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಒಂದು ಸೆಕೆಂಡಿಗೆ ಹತ್ತೊಂಬತ್ತು ಸುತ್ತು! ಬಾಲ್ ಕೈಬಿಟ್ಟ ಮೇಲೆ ಆ ವೇಗಕ್ಕೆ ಬ್ರೇಕ್ ಹಾಕುವುದು ಭುಜದ ಹಿಂದಿನ ಸಣ್ಣ ಮಾಂಸಖಂಡಗಳು. ಹುಡುಗರು ಕನ್ನಡಿ ಮುಂದೆ ನಿಂತು ಬೈಸೆಪ್ಸ್ ಉಬ್ಬಿಸುತ್ತಾರೆ. ಎಸೆತಕ್ಕೆ ಅದರಿಂದ ಆಗುವ ಲಾಭ ಅಷ್ಟಕ್ಕಷ್ಟೇ.

ಇದಕ್ಕೆ ಹಗುರವಾದ ರಬ್ಬರ್ ಬ್ಯಾಂಡ್ ಒಂದು ಸಾಕು. ಬಾಗಿಲ ಚಿಲಕಕ್ಕೆ ಕಟ್ಟಿ. ಮೊಣಕೈಯನ್ನು ಪಕ್ಕೆಗೆ ತಾಗಿಸಿ ತೊಂಬತ್ತು ಡಿಗ್ರಿ ಮಡಚಲಿ, ನಡುವೆ ಸುತ್ತಿದ ಟವೆಲ್ ಇರಲಿ. ಮುಂಗೈಯನ್ನು ಹೊರಕ್ಕೆ ತಿರುಗಿಸಲಿ, ನಿಧಾನವಾಗಿ ವಾಪಸ್ ಬರಲಿ. ಟವೆಲ್ ಬಿದ್ದರೆ ಮೊಣಕೈ ಜಾರಿದೆ ಅಂತ ಅರ್ಥ. ಆಮೇಲೆ ಬ್ಯಾಂಡನ್ನು ಎದೆಯತ್ತ ಎಳೆಯುವುದು, ಬೆನ್ನಿನ ರೆಕ್ಕೆ ಮೂಳೆಗಳು ಒಂದಕ್ಕೊಂದು ಹತ್ತಿರ ಬರಬೇಕು. ಆಮೇಲೆ ಬೋರಲು ಮಲಗಿ, ಹೆಬ್ಬೆರಳು ಮೇಲೆ ಮಾಡಿ, ಕೈಗಳನ್ನು ಪಕ್ಕಕ್ಕೆ ಚಾಚಿ ಎತ್ತುವುದು. ಇದಕ್ಕೆ ತೂಕವೇ ಬೇಡ. ಕೊನೆಗೆ ಪುಷ್‌ಅಪ್. ಮೇಲೆ ಬಂದ ಮೇಲೆ ನೆಲವನ್ನು ಇನ್ನೊಂದಿಷ್ಟು ದೂಡಿ ಬೆನ್ನು ಅಗಲ ಮಾಡಬೇಕು, ಅದೇ ಮುಖ್ಯ. ನೆಲದ ಮೇಲೆ ಆಗದಿದ್ದರೆ ಗೋಡೆಗೆ ಕೈಕೊಟ್ಟು ಮಾಡಲಿ. ಪ್ರತಿಯೊಂದೂ ಹದಿನೈದರಂತೆ ಎರಡು ಸಲ. ಕೊನೆಯ ಎರಡಕ್ಕೆ ಮುಖ ಕಿವುಚಿದರೆ ಬ್ಯಾಂಡ್ ಬಿಗಿಯಾಯಿತು, ಇನ್ನೂ ಹಗುರದ್ದು ತನ್ನಿ. ಪಿಚ್ ಮಾಡುವ ಮೊದಲು ಇದನ್ನೆಲ್ಲ ಮಾಡಿಸಿ ಸುಸ್ತು ಮಾಡಬೇಡಿ. ಎಸೆದು ಮುಗಿದ ಮೇಲೆ, ಇಲ್ಲಾ ಬಿಡುವಿನ ದಿನ. ಮತ್ತೆ, ಈಗ ನೋವಿದೆಯಲ್ಲ, ಕೈಯದ್ದೆಲ್ಲ ಡಾಕ್ಟರ್ ಹೂಂ ಅಂದ ಮೇಲೆ. ಕಾಲಿನದ್ದು, ಸೊಂಟದ್ದು ಇವತ್ತೇ ಶುರು ಮಾಡಬಹುದು, ಕೈ ಊರುವ ಪ್ಲ್ಯಾಂಕ್ ಮಾತ್ರ ಆಮೇಲೆ.

ಮಕ್ಕಳು ವ್ಯಾಯಾಮ ಮಾಡಿದರೆ ಕುಳ್ಳಗಾಗುತ್ತಾರೆ ಅಂತ ಈ ಗುಂಪಿನಲ್ಲೇ ಯಾರೋ ಬರೆದಿದ್ದರು. ಇಲ್ಲ, ಸುಮ್ನೆ ಹೆದರಿಸುವ ಮಾತು. ಪಕ್ಕದಲ್ಲಿ ತಿಳಿದವರಿದ್ದು, ಕ್ರಮ ಸರಿಯಿದ್ದರೆ ಮಕ್ಕಳಿಗೆ ಇದು ಒಳ್ಳೆಯದೇ.

ತೂಕದ ಬಾಲ್‌ಗಳ ಬಗ್ಗೆ ಯಜಮಾನರಿಗೆ ಬೇಸರ ಆಗಬಹುದು, ಆದರೂ ಹೇಳಬೇಕು. 13ರಿಂದ 18 ವರ್ಷದ ಪಿಚರ್‌ಗಳಿಗೆ ಆರು ವಾರ ತೂಕದ ಬಾಲ್ ಕೊಟ್ಟು ನೋಡಿದ್ದಾರೆ. ವೇಗ ಸುಮಾರು ಶೇಕಡಾ 3ರಷ್ಟು ಏರಿತು, ನಿಜ. ಆದರೆ ಆ ಗುಂಪಿನ ಶೇಕಡಾ 24 ಹುಡುಗರಿಗೆ ಗಾಯವಾಯಿತು. ತೂಕದ ಬಾಲ್ ಮುಟ್ಟದ ಗುಂಪಿನಲ್ಲಿ ಒಬ್ಬರಿಗೂ ಆಗಲಿಲ್ಲ. ಅವರೆಲ್ಲ ನಿಮ್ಮ ಮಗನಿಗಿಂತ ದೊಡ್ಡವರು. ಸೆಟ್ ಅಟ್ಟದ ಮೇಲಿರಲಿ. ಬಾಲ್ ವೇಗ ಅಳೆಯುವ ರೇಡಾರ್ ಗನ್ ಕೂಡ ಅದರ ಪಕ್ಕದಲ್ಲೇ ಇರಲಿ. ಅದನ್ನು ಕಂಡರೆ ಮಕ್ಕಳು ಪ್ರತಿ ಬಾಲನ್ನೂ ಪೂರ್ತಿ ಜೋರಿನಲ್ಲಿ ಎಸೆಯುತ್ತಾರೆ.

ಕರ್ವ್‌ಬಾಲ್ (ತಿರುಗಿಸಿ ಎಸೆದು ದಾರಿಯಲ್ಲಿ ಬಾಗುವ ಬಾಲ್) ಕಲಿಸಬಹುದಾ ಅಂತಲೂ ಕೇಳಿದ್ದೀರಿ. ಅದೇ ಎಲ್ಲ ಕೇಡಿಗೂ ಮೂಲ ಅನ್ನುವ ಮಾತು ಅಷ್ಟು ಸರಿಯಲ್ಲ. ಅಳೆದು ನೋಡಿದಾಗ ಮೊಣಕೈ ಮೇಲೆ ಫಾಸ್ಟ್‌ಬಾಲ್‌ನ ಒತ್ತಡವೂ ಕಡಿಮೆ ಏನಿಲ್ಲ ಅಂತ ಕಂಡಿದೆ. ಆದರೂ ಈ ವಯಸ್ಸಿಗೆ ಫಾಸ್ಟ್‌ಬಾಲ್, ಚೇಂಜ್‌ಅಪ್ ಎರಡೇ ಸಾಕು. ಗುರಿ ಚೆನ್ನಾಗಿರುವ ಹುಡುಗನಿಗೆ ಚೇಂಜ್‌ಅಪ್ ದೊಡ್ಡ ಆಯುಧ. ಕೈ ಅಷ್ಟೇ ಜೋರಾಗಿ ಬೀಸಿದರೂ ಬಾಲ್ ನಿಧಾನ ಬರುತ್ತದೆ, ಬ್ಯಾಟ್ ಬೀಸುವವನು ಮೊದಲೇ ಬೀಸಿಬಿಡುತ್ತಾನೆ.

"ಈಗ ಹಾಳಾದರೆ ಮುಂದೆ ಟಾಮಿ ಜಾನ್ ಆಪರೇಷನ್ ಮಾಡಿಸಿದರಾಯಿತು, ಇನ್ನೂ ವೇಗ ಬರುತ್ತದೆ" ಅಂತ ಮೈದಾನದ ಬದಿಯಲ್ಲಿ ಹೇಳುವ ಅಪ್ಪಂದಿರಿದ್ದಾರೆ. ಡಾಕ್ಟರ್ ಫ್ರ್ಯಾಂಕ್ ಜೋಬ್ 1974ರಲ್ಲಿ ಅದನ್ನು ಮೊದಲು ಮಾಡಿದ್ದು ಟಾಮಿ ಜಾನ್ ಎಂಬ ವೃತ್ತಿಪರ ಪಿಚರ್‌ನ ಮೊಣಕೈಯ ಹರಿದುಹೋದ ಲಿಗಮೆಂಟ್ ಸರಿಮಾಡಲು. ವೇಗ ಕೂಡಿಸಲು ಅಲ್ಲ. ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಆಟ ಇಲ್ಲ.

ಡಾಕ್ಟರ್ ಒಪ್ಪಿದ ಮೇಲೆ ಎಸೆತಕ್ಕೆ ಮರಳುವುದು ಹೀಗೆ. ಎಸೆದು ಮೈ ಬಿಸಿ ಮಾಡಿಕೊಳ್ಳುವುದಲ್ಲ, ಮೈ ಬಿಸಿಯಾದ ಮೇಲೆ ಎಸೆಯುವುದು. ಮೊದಲು ಬೆವರು ಬರುವಷ್ಟು ಓಟ, ನೆಗೆತ. ಆಮೇಲೆ 30 ಅಡಿ ದೂರದಿಂದ ಹಗುರವಾಗಿ 25 ಎಸೆತ, ಹತ್ತು ನಿಮಿಷ ಬಿಡುವು, ಮತ್ತೆ 25. ಮರುದಿನ ರಜೆ. ನೋವಿಲ್ಲದೆ ಎರಡು ಸಲ ಮುಗಿದರೆ 45 ಅಡಿ. ಆಮೇಲೆ 60, ಆಮೇಲೆ 90. ನೋವು ಬಂದರೆ ಅವತ್ತು ನಿಲ್ಲಿಸಿ, ಡಾಕ್ಟರ್‌ಗೆ ಹೇಳಿ, ಮುಂದಿನ ಸಲ ಒಂದು ಮೆಟ್ಟಿಲು ಹಿಂದಕ್ಕೆ. ಅವನ ಮೌಂಡ್ (ಪಿಚರ್ ನಿಂತು ಎಸೆಯುವ ದಿಬ್ಬ) ಇರುವುದು ಬ್ಯಾಟ್ ಬೀಸುವ ಜಾಗದಿಂದ 46 ಅಡಿಯಲ್ಲಿ, ಆದ್ದರಿಂದ 90 ಅಡಿ ಆರಾಮಾಗಿ ದಾಟಿದವನಿಗೆ ಮೌಂಡ್ ಹತ್ತಿರ ಅನಿಸುತ್ತದೆ. ಅದಕ್ಕಿಂತ ದೂರಕ್ಕೆ, ಬೆನ್ನು ಬಿಲ್ಲಾಗಿ ಬಗ್ಗಿಸಿ ಮುಗಿಲಿಗೆ ಎಸೆಯುವ ಲಾಂಗ್ ಟಾಸ್ ಬೇಡ. ಮೊಣಕೈ ಮೇಲೆ ಅದು ಪಿಚ್ಚಿಗಿಂತ ಜಾಸ್ತಿ ಭಾರ ಹಾಕುತ್ತದೆ. ಮೌಂಡ್ ಹತ್ತುವುದು ಇದೆಲ್ಲ ಆದ ಮೇಲೆ.

ಐಸ್ ಇಡಬೇಕಾ ಅಂದಿರಿ. ಹಾಯೆನಿಸಿದರೆ ಇಡಿ, ಅದರಿಂದ ಬಲವೇನೂ ಬರುವುದಿಲ್ಲ. ಆದರೆ ಐಸ್ ಇಟ್ಟು, ನೋವಿನ ಮಾತ್ರೆ ಕೊಟ್ಟು ಪಂದ್ಯಕ್ಕೆ ಇಳಿಸುವುದು ಮಾತ್ರ ಬೇಡವೇ ಬೇಡ.

ನನ್ನ ಮಗ ಆ ಆರು ವಾರದಲ್ಲಿ ಕಾಲ್ಚೆಂಡು ಆಡಿದ, ಈಜಲು ಹೋದ (ಈಜು ಡಾಕ್ಟರನ್ನು ಕೇಳಿಯೇ). ಮುಂದಿನ ಸೀಸನ್‌ಗೆ ಬಂದಾಗ ನಾಲ್ಕು ಬೆರಳಷ್ಟು ಎತ್ತರ ಆಗಿದ್ದ, ವೇಗವೂ ತಾನಾಗಿ ಬಂದಿತ್ತು. ಎಲ್ಲ ನನ್ನ ಬ್ಯಾಂಡ್ ವ್ಯಾಯಾಮದಿಂದ ಅಂತ ಹೇಳಿದರೆ ಸುಳ್ಳಾಗುತ್ತದೆ. ಈ ವಯಸ್ಸಿನ ವೇಗದಲ್ಲಿ ದೊಡ್ಡ ಪಾಲು ಎತ್ತರದ್ದು, ಬೆಳವಣಿಗೆಯದ್ದು. ಒಂದು ಎಚ್ಚರ ಏನೆಂದರೆ, ಹಾಗೆ ಸರ್ರನೆ ಎತ್ತರ ಆಗುವ ತಿಂಗಳುಗಳಲ್ಲೇ ಗ್ರೋತ್ ಪ್ಲೇಟ್ ಸೂಕ್ಷ್ಮವಾಗಿರುವುದು. ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆ ಹಾಕ್ತಾ ಇರಿ. ಗೆರೆ ದಡದಡ ಮೇಲೆ ಹೋಗುತ್ತಿದ್ದರೆ ಪಿಚ್ ಲೆಕ್ಕ ಕೆಳಗೆ ಇಳಿಸಿ.

ಡಾಕ್ಟರ್ ಏನಂದರು ಅಂತ ಇಲ್ಲೇ ಬರೆಯಿರಿ. ಎಣಿಕೆ ಪುಸ್ತಕದಲ್ಲಿ ನಾನು ಹಾಕಿಕೊಂಡಿರುವ ಕಾಲಮ್ಮುಗಳ ಫೋಟೋ ಬೇಕಾದರೆ ಸಂಜೆ ಹಾಕುತ್ತೇನೆ.