ಸಂಪಾದಕರ ಉತ್ತರ: ‘ದಿನಾ ಒಂದು’ ಎಂದರೆ ಎಷ್ಟು?

ದಾವಣಗೆರೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರ ಇಷ್ಟು: “ನಮ್ಮ ಪಕ್ಕದ ಮನೆಯ ಹುಡುಗಿ ಬೆಂಗಳೂರಿನಲ್ಲಿ ಕುಡಿತದ ಬಗ್ಗೆ ಸಂಶೋಧನೆ ಮಾಡುವ ತಂಡ ಸೇರಿದ್ದಾಳೆ. ಮೊದಲ ಆರು ವಾರ ಬರೀ ತರಬೇತಿಯಂತೆ! ನನ್ನ ತಮ್ಮ ದಿನಾ ಒಂದು ಹಾಕಿ ಮಲಗುತ್ತಿದ್ದವನು, ಕೊನೆಗೆ ಅದರಿಂದಲೇ ಹೋದ. ಮೂರು ಕಡೆ ಅಲೆದರೂ ಅವನಿಗೆ ಆಸ್ಪತ್ರೆಯಲ್ಲಿ ಒಂದು ಹಾಸಿಗೆ ಸಿಗಲಿಲ್ಲ. ಕುಡಿತ ಕೆಟ್ಟದ್ದೆಂದು ತಿಳಿಯಲು ತರಬೇತಿ ಬೇಕೇ? ಆ ಹಣದಲ್ಲಿ ತಾಲೂಕಿಗೆ ಹತ್ತು ಹಾಸಿಗೆ ಹಾಕಬಾರದೇ?”

ಮೇಷ್ಟ್ರೇ, ನಿಮ್ಮ ತಮ್ಮನ ವಿಷಯ ಓದಿ ಮನಸ್ಸು ಭಾರವಾಯಿತು. ಹಾಸಿಗೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರು ಮಾತ್ರ ಏನಾದರೊಂದು ಚಿಕಿತ್ಸೆ ಪಡೆದಿದ್ದಾರೆ, ಆಸ್ಪತ್ರೆ ಸೇರಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು ಎನ್ನುತ್ತದೆ 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆ. ಆದರೆ ಈ ಲೆಕ್ಕ ಆಕಾಶದಿಂದ ಉದುರಲಿಲ್ಲ. ಏಮ್ಸ್‌ನ ತಜ್ಞರು ರೂಪಿಸಿದ ಪ್ರಶ್ನೆಗಳನ್ನು ಹಿಡಿದು ಎರಡು ಲಕ್ಷ ಮನೆಗಳ ಬಾಗಿಲು ತಟ್ಟಿ, ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ಮಾತನಾಡಿಸಿದವರಿದ್ದಾರೆ. ಹಾಸಿಗೆ ಕೊಡಿ ಎಂದು ಸರ್ಕಾರವನ್ನು ಕೇಳಲು ನಿಮ್ಮ ಕೈಗೆ ಆಧಾರ ಕೊಟ್ಟವರು ಅವರೇ.

ಬಾಗಿಲು ತಟ್ಟುವುದು ಸುಲಭ, ಕೇಳುವುದು ಕಷ್ಟ. ನಮ್ಮ ಸೋದರಮಾವನ ಮನೆಯಲ್ಲಿ ನಾನೇ ಕಂಡದ್ದನ್ನು ಹೇಳುತ್ತೇನೆ. ಯಾವುದೋ ಅಧ್ಯಯನದ ಹುಡುಗನೊಬ್ಬ ಫಾರಂ ಹಿಡಿದು ಬಂದ. ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಅದು. “ಕುಡಿಯುವ ದಿನ ಎಷ್ಟು ಡ್ರಿಂಕ್ ತೆಗೆದುಕೊಳ್ಳುತ್ತೀರಿ?” ಎಂದ. “ಒಂದೇ ಕಣಪ್ಪಾ” ಎಂದರು ಮಾವ. ಹುಡುಗ ‘ಒಂದು’ ಎಂದು ಬರೆದುಕೊಂಡ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಅವರನ್ನು ಅವನು ನೋಡಲೇ ಇಲ್ಲ.

ಮಾವನ ‘ಒಂದು’ ಎಂದರೆ ಒಂದು ಕ್ವಾರ್ಟರ್, 180 ಮಿಲಿ. ಅಂಗಡಿಯ ವಿಸ್ಕಿ, ರಮ್‌ಗಳಲ್ಲಿ ಆಲ್ಕೋಹಾಲ್ ಪ್ರಮಾಣ ಶೇ. 42.8. ನೀವು ಲೆಕ್ಕದ ಮೇಷ್ಟ್ರು, ಗುಣಿಸಿ ನೋಡಿ: ಒಂದು ಕ್ವಾರ್ಟರ್‌ನಲ್ಲಿ 77 ಮಿಲಿ ಆಲ್ಕೋಹಾಲ್; ಅದು ನೀರಿಗಿಂತ ಹಗುರ, ತೂಕ ಸುಮಾರು 60 ಗ್ರಾಂ. ಆ ಪಟ್ಟಿಯ ಪ್ರಕಾರ 10 ಗ್ರಾಂಗೆ ಒಂದು ಡ್ರಿಂಕ್. ಅಂದರೆ ಮಾವ ದಿನಾ ಕುಡಿಯುತ್ತಿದ್ದದ್ದು ಆರು. ಎಷ್ಟು ದಿನಕ್ಕೊಮ್ಮೆ, ಎಷ್ಟು ಡ್ರಿಂಕ್, ಆರು ಅಥವಾ ಹೆಚ್ಚು ಎಷ್ಟು ಸಲ ಎಂಬ ಮೊದಲ ಮೂರು ಪ್ರಶ್ನೆಗಳಿಗೆ ಹುಡುಗ ಬರೆದಂತೆ ಸಿಗುವ ಅಂಕ 4. ಸರಿಯಾಗಿ ಕೇಳಿದ್ದರೆ 10. ಹತ್ತೂ ಪ್ರಶ್ನೆ ಸೇರಿ ಎಂಟು ಅಂಕ ಮುಟ್ಟಿದರೆ ಅಪಾಯ ಎಂಬುದು ಆ ಪಟ್ಟಿಯ ನಿಯಮ. ಮಾವನ ಹೆಸರು ಅಪಾಯವಿಲ್ಲದವರ ಸಾಲಿಗೆ ಸೇರಿಹೋಗಿರಬೇಕು. ಇಂಥ ‘ಒಂದು’ಗಳು ಊರೂರಲ್ಲಿ ಸೇರಿದರೆ ತಾಲೂಕಿಗೆ ಹಾಸಿಗೆಯೇ ಬೇಡ ಎಂದು ಲೆಕ್ಕ ಬರುತ್ತದೆ. ತರಬೇತಿ ಯಾಕೆ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಮುಕ್ಕಾಲುಪಾಲು ಇಲ್ಲಿಗೇ ಮುಗಿಯಿತು.

ಉಳಿದ ಕಾಲುಪಾಲಿಗೆ ಅಮೆರಿಕಕ್ಕೆ ಹೋಗಬೇಕು. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ 1935ರಲ್ಲಿ ಒಂದು ಸಂಸ್ಥೆ ತೆರೆಯಿತು. ಅರ್ಧ ಜೈಲು, ಅರ್ಧ ಆಸ್ಪತ್ರೆ. ವ್ಯಸನದ ವಿಜ್ಞಾನವನ್ನು ಕಲಿಯಬೇಕೆಂದಿದ್ದ ಒಂದು ತಲೆಮಾರಿನ ವೈದ್ಯರಿಗೆ ಅದೇ ಪಾಠಶಾಲೆ. ಅಲ್ಲಿ ಕೆಲಸ ಮಾಡಿದ್ದ ಮರೀ ನೈಸ್ವಾಂಡರ್ ಎಂಬ ವೈದ್ಯೆ ಮುಂದೆ ನ್ಯೂಯಾರ್ಕ್‌ನಲ್ಲಿ ವೈದ್ಯ ವಿನ್ಸೆಂಟ್ ಡೋಲ್ ಜೊತೆ ಸೇರಿ, ಹೆರಾಯಿನ್ ವ್ಯಸನಿಗಳಿಗೆ ಅದರ ಬದಲು ವೈದ್ಯರೇ ಅಳತೆಯಲ್ಲಿ ಕೊಡುವ ಮೆಥಡೋನ್ ಎಂಬ ಔಷಧಿಯ ಚಿಕಿತ್ಸೆ ರೂಪಿಸಿದರು. ಆದರೆ ಅದೇ ಲೆಕ್ಸಿಂಗ್ಟನ್‌ನಲ್ಲಿ ಕೈದಿಗಳ ಮೇಲೆ ಪ್ರಯೋಗ ನಡೆಸಿ, ಅದಕ್ಕೆ ಕೂಲಿಯಾಗಿ ಮಾದಕ ವಸ್ತುವನ್ನೇ ಕೊಟ್ಟದ್ದೂ ಉಂಟು. ಎಪ್ಪತ್ತರ ದಶಕದಲ್ಲಿ ಅದು ಬಯಲಾಗಿ ಪ್ರಯೋಗಗಳು ನಿಂತವು. ಜಾಣರಿಗೆ ಕೊರತೆಯಿರಲಿಲ್ಲ. ಎದುರಿಗಿರುವವನು ‘ಬೇಡ’ ಎನ್ನಲಾರದ ಸ್ಥಿತಿಯಲ್ಲಿದ್ದಾನೆ ಎಂಬುದನ್ನು ಗುರುತಿಸುವ ಕಲಿಕೆ ಇರಲಿಲ್ಲ. ಅದನ್ನೂ ಕಲಿಸಬೇಕಾಗುತ್ತದೆ ಮೇಷ್ಟ್ರೇ, ತಾನಾಗಿ ಬರುವುದಿಲ್ಲ.

ಇನ್ನೊಬ್ಬ ಸಂಶೋಧಕಿಯ ಕೆಲಸವನ್ನು ಓದಿದಾಗಲೆಲ್ಲ ನನಗೆ ಕೈಮುಗಿಯಬೇಕೆನಿಸುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್‌ಗೆ ಬಿದ್ದ ಸೈನಿಕರು ಊರಿಗೆ ಬಂದರೆ ಗತಿಯೇನು ಎಂದು 1971ರಲ್ಲಿ ಅಮೆರಿಕ ನಡುಗಿತ್ತು. ಸಮಾಜವಿಜ್ಞಾನಿ ಲೀ ರಾಬಿನ್ಸ್ ಅವರ ತಂಡ ಮರಳಿದ ಸುಮಾರು 900 ಸೈನಿಕರನ್ನು ದೇಶದ ಮೂಲೆಮೂಲೆಯಲ್ಲಿ ಹುಡುಕಿ ಮಾತನಾಡಿಸಿತು. ವಿಯೆಟ್ನಾಂನಲ್ಲಿ ದಾಸರಾಗಿದ್ದವರಲ್ಲಿ ಬಹುಪಾಲು ಜನ ಊರಿಗೆ ಬಂದ ಮೇಲೆ ಮತ್ತೆ ಆ ಚಟಕ್ಕೆ ಬೀಳಲಿಲ್ಲ ಎಂದು ತಿಳಿಯಿತು. ‘ಒಮ್ಮೆ ಚಟ ಹತ್ತಿದರೆ ಮುಗಿಯಿತು’ ಎಂಬ ನಂಬಿಕೆಯ ಬುಡ ಅಲುಗಿತು. ಸೈನಿಕರು ಬಾಯಿಬಿಡುವಂತೆ ಮಾತನಾಡಿಸಬಲ್ಲವರು ಹೋಗಿದ್ದರಿಂದ ಇದು ಸಾಧ್ಯವಾಯಿತು.

ನಮ್ಮಲ್ಲೂ ಒಳ್ಳೆಯ ಕೆಲಸ ನಡೆದಿದೆ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ದೂರದ ಜಿಲ್ಲೆಗಳ ವೈದ್ಯರಿಗೂ ವಿಡಿಯೊ ಮೂಲಕ ತರಬೇತಿ ಕೊಡುತ್ತದೆ. ನನ್ನ ಸಂಕಟ ಅದಕ್ಕಿಂತ ಕೆಳಗಿನ ಮೆಟ್ಟಿಲಿನದು. ಮನೆಮನೆಗೆ ಹೋಗುವ ಹುಡುಗ ಹುಡುಗಿಯರು ಗುತ್ತಿಗೆಯವರು. ಪ್ರಾಜೆಕ್ಟ್ ಮುಗಿದರೆ ಸಂಬಳ ನಿಂತಿತು. ಮೂರು ವರ್ಷ ಜನರ ಜೊತೆ ಬೆರೆತು ಕೇಳುವ ಹದ ಕಲಿತವಳು ನಾಲ್ಕನೆಯ ವರ್ಷ ಇನ್ಶೂರೆನ್ಸ್ ಕಚೇರಿ ಸೇರುತ್ತಾಳೆ. ಅವಳ ಜಾಗಕ್ಕೆ ಬಂದವನಿಗೆ ಎರಡು ದಿನದ ಕಾರ್ಯಾಗಾರ, ಒಂದು ಊಟ, ಒಂದು ಪ್ರಮಾಣಪತ್ರ. ಫಾರಂನ ಕನ್ನಡವೋ, ದೇವರಿಗೇ ಪ್ರೀತಿ. “ಮದ್ಯಪಾನಾನಂತರ ಪಶ್ಚಾತ್ತಾಪ ಅಥವಾ ಅಪರಾಧಿ ಭಾವ ಉಂಟಾಗಿದೆಯೇ?” ಎಂಬ ಪ್ರಶ್ನೆಯನ್ನು ನಾನು ಕಣ್ಣಾರೆ ಓದಿದ್ದೇನೆ. ‘ಯಾಕಾದರೂ ಕುಡಿದೆನೋ ಅಂತ ಬೆಳಿಗ್ಗೆ ಅನಿಸಿದ್ದುಂಟೇ’ ಎಂದು ಕೇಳಲು ಏನು ಅಡ್ಡಿ? ವಿಜ್ಞಾನವನ್ನು ಕನ್ನಡದಲ್ಲಿ ಬರೆಯಬೇಕೆಂದು ವೇದಿಕೆಗಳಲ್ಲಿ ಭಾಷಣ ಮಾಡುತ್ತೇವೆ. ವಿಜ್ಞಾನ ಕನ್ನಡದಲ್ಲಿ ಕೇಳಬೇಕು, ಕನ್ನಡದಲ್ಲಿ ಕಿವಿಗೊಡಬೇಕು ಎಂಬುದು ಯಾವ ಸಮ್ಮೇಳನದ ನಿರ್ಣಯದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಆದ್ದರಿಂದ ಪಕ್ಕದ ಮನೆಯ ಹುಡುಗಿಯ ಆರು ವಾರಗಳ ಮೇಲೆ ಸಿಟ್ಟು ಬೇಡ. ಆರು ತಿಂಗಳಿದ್ದರೂ ನಾನು ಹೆಚ್ಚಾಯಿತು ಎನ್ನುತ್ತಿರಲಿಲ್ಲ. ನೀವೂ ಪತ್ರದಲ್ಲಿ ‘ದಿನಾ ಒಂದು’ ಎಂದೇ ಬರೆದಿದ್ದೀರಿ. ಅವಳು ಹಬ್ಬಕ್ಕೆ ಊರಿಗೆ ಬಂದಾಗ ಜಗಲಿಯಲ್ಲಿ ಕೂರಿಸಿಕೊಂಡು ತಮ್ಮನ ಕಥೆ ಹೇಳಿ. ಚೆನ್ನಾಗಿ ಕಲಿತಿದ್ದರೆ, ಆ ಮಾತು ಬಂದ ಕೂಡಲೇ ಅವಳು ನಿಮ್ಮನ್ನು ತಡೆದು ಕೇಳುತ್ತಾಳೆ: “ಒಂದು ಅಂದರೆ ಯಾವ ಬಾಟಲಿ, ಮೇಷ್ಟ್ರೇ?”